ಮುಖ ಜೋಮು ಹಿಡಿದರೆ ಲಕ್ವವೇ? ಗೊಂದಲ ಬಿಡಿಸಲು ಹೊರಟ ಚಾರ್ಲ್ಸ್ ಬೆಲ್

ಕಿಟಕಿ ಗಾಳಿ ಬಡಿದು ಮುಖ ಜೋಮು ಹಿಡಿದರೆ ಅದು ಲಕ್ವ, ಎಣ್ಣೆ ತಿಕ್ಕಿದರೆ ಸಾಕು ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ರಾಜಗೋಪಾಲನಗರದಿಂದ ಪೀಣ್ಯಕ್ಕೆ ನೈಟ್ ಶಿಫ್ಟ್‌ಗೆ ಹೋಗುವವರು ಇದನ್ನು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲಸಿಹೋಗಿವೆ. ಇನ್ನೂರು ವರ್ಷಗಳ ಹಿಂದೆ ವೈದ್ಯರಿಗೂ ಇದೇ ಗೊಂದಲವಿತ್ತು.

ಚಾರ್ಲ್ಸ್ ಬೆಲ್ ಹುಟ್ಟಿದ್ದು 1774ರಲ್ಲಿ, ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ. ಪಾದ್ರಿಯಾಗಿದ್ದ ತಂದೆ ಬೇಗ ತೀರಿಕೊಂಡರು. ಸರ್ಜನ್ ಆಗಿದ್ದ ಅಣ್ಣ ಜಾನ್ ಅವರಿಂದ ಅಂಗರಚನೆ ಕಲಿತರು. ಚಿತ್ರ ಬರೆಯುವುದರಲ್ಲೂ ಪಳಗಿದ ಕೈ. 1815ರ ವಾಟರ್ಲೂ ಯುದ್ಧ ಮುಗಿದಾಗ ಬ್ರಸೆಲ್ಸ್‌ಗೆ ಹೋಗಿ ಗಾಯಾಳುಗಳಿಗೆ ಆಪರೇಷನ್ ಮಾಡಿದರು, ಅವರ ಗಾಯಗಳನ್ನು ಚಿತ್ರಿಸಿದರು.

ಮುಖದ ಸಹಿಸಲಾಗದ ನೋವಿಗೆ ಆಗಿನ ಸರ್ಜನ್‌ಗಳು ಮಿದುಳಿನಿಂದ ಬರುವ ಏಳನೇ ನರವನ್ನು ಕತ್ತರಿಸುತ್ತಿದ್ದದ್ದುಂಟು. ನೋವು ಹಾಗೇ ಉಳಿಯುತ್ತಿತ್ತು, ಮುಖ ಮಾತ್ರ ಸೊಟ್ಟಗಾಗುತ್ತಿತ್ತು! 1821ರಲ್ಲಿ ಬೆಲ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಮುಖದ ಐದನೇ ಮತ್ತು ಏಳನೇ ನರಗಳ ಕೆಲಸ ಬೇರೆ ಬೇರೆ ಎಂದರು. ಈಗ ನಮಗೆ ಗೊತ್ತಿರುವಂತೆ, ಸ್ಪರ್ಶ ಮತ್ತು ನೋವನ್ನು ತಿಳಿಸುವುದು ಐದನೆಯದು. ನಗುವಿಗೆ, ಕಣ್ಣು ಮುಚ್ಚಲು ಬೇಕಾದ ಸ್ನಾಯುಗಳನ್ನು ಆಡಿಸುವುದು ಏಳನೆಯದು. ಬೆಲ್ ಹೇಳಿದ್ದೆಲ್ಲ ಸರಿಯಿರಲಿಲ್ಲ. ಏಳನೆಯದು ಉಸಿರಾಟಕ್ಕೆ ಸಂಬಂಧಿಸಿದ್ದು ಎಂದು ಅವರು ನಂಬಿದ್ದರು, ಹರ್ಬರ್ಟ್ ಮೇಯೊ ತಿದ್ದಬೇಕಾಯಿತು. ಆಮೇಲೆ ಬೆಲ್ ತಮ್ಮ ಪ್ರಬಂಧವನ್ನು ಮರುಮುದ್ರಿಸುವಾಗ, ಮೊದಲೇ ಎಲ್ಲ ಗೊತ್ತಿತ್ತು ಎನ್ನುವಂತೆ ಸಾಲುಗಳನ್ನು ಬದಲಿಸಿದರು. ನಮಗೆ ಇಷ್ಟವಾಗದ ಭಾಗ ಇದು. 1836ರಲ್ಲಿ ಊರಿಗೆ ಮರಳಿ ಪ್ರಾಧ್ಯಾಪಕರಾದರು, 1842ರಲ್ಲಿ ತೀರಿಕೊಂಡರು.

ಏಳನೇ ನರ ಸೋತು ಮುಖ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಗೆ ಅವರದೇ ಹೆಸರು. ಅದಕ್ಕೆ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಣ್ಣೆ ತಿಕ್ಕುತ್ತಾ ಕೂತರೆ ಆ ಸಮಯ ಕಳೆದುಹೋಗುತ್ತದೆ.

ಬರೀ ಜೋಮು ಎಂದರೆ ಸಾಮಾನ್ಯವಾಗಿ ಐದನೇ ನರದ ದೂರು. ವ್ಯಾಸ್ಕ್ಯುಲೈಟಿಸ್ ಇರುವವರು ಇದನ್ನು ಕಡೆಗಣಿಸುವಂತಿಲ್ಲ. ಈ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ನಮ್ಮದೇ ರಕ್ತನಾಳಗಳ ಮೇಲೆ ತಿರುಗಿಬೀಳುತ್ತದೆ. ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಊದಿಕೊಂಡು ನರ ಸೊರಗಬಹುದು. ಕೆಲವು ಬಗೆಗಳಲ್ಲಿ ಸೈನಸ್ ಅಥವಾ ತಲೆಬುರುಡೆಯ ತಳದಲ್ಲಿ ಬೆಳೆದ ಗಂಟು ನರವನ್ನು ಒತ್ತುತ್ತದೆ, ಇಲ್ಲವೇ ಮಿದುಳಿನ ಹೊದಿಕೆ ದಪ್ಪವಾಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಸರ್ಪಸುತ್ತೂ ಬರಬಹುದು. ಹಲ್ಲಿನ ಸೋಂಕೂ ಕಾರಣವಾಗಿರಬಹುದು. ಯಾವುದೆಂದು ತಿಳಿಯಲು ಪರೀಕ್ಷೆ, ಬೇಕಾದರೆ ಎಂಆರ್‌ಐ ಆಗಬೇಕು. ಅಲ್ಲಿಯವರೆಗೆ ನಡೆಯುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಜೋಮು ಇದ್ದಕ್ಕಿದ್ದಂತೆ ಬಂದು, ಜೊತೆಗೆ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ತಕ್ಷಣ 108ಕ್ಕೆ ಕರೆ ಮಾಡಿ.