ವರ್ಣತಂತುಗಳ ಲೆಕ್ಕ ಹಿಡಿದ ಬೊವೇರಿ

ಕೋಶವಿಭಜನೆಯ ಪಾಠ ಬಂದಾಗ ನಾವು ಕರಿಹಲಗೆಯ ಮೇಲೆ ಒಂದು ದುಂಡು ಬರೆದು, ಅದರೊಳಗೆ ನೂಲಿನ ತುಂಡುಗಳಂತೆ ನಾಲ್ಕು ಗೆರೆ ಎಳೆಯುತ್ತೇವೆ. ಇವೇ ವರ್ಣತಂತುಗಳು. ಮಕ್ಕಳು ನಕಲು ಮಾಡಿಕೊಳ್ಳುತ್ತಾರೆ. ಇವುಗಳಲ್ಲಿ ಒಂದು ಹೆಚ್ಚುಕಡಿಮೆಯಾದರೆ ಏನಾದೀತೆಂದು ಕೇಳುವವರು ಅಪರೂಪ. ಅದನ್ನೇ ಕೇಳುತ್ತ ಬಾಳು ಸವೆಸಿದವರು ಜರ್ಮನಿಯ ಥಿಯೋಡೋರ್ ಬೊವೇರಿ.

1862ರಲ್ಲಿ ಬಾಂಬರ್ಗ್ ಪಟ್ಟಣದಲ್ಲಿ ವೈದ್ಯರ ಮಗನಾಗಿ ಹುಟ್ಟಿದ ಇವರು ಮ್ಯೂನಿಕ್ಕಿಗೆ ಹೋದದ್ದು ಇತಿಹಾಸ, ತತ್ತ್ವಶಾಸ್ತ್ರ ಓದಲು. ಬೇಗನೆ ಮನಸ್ಸು ಅಂಗರಚನಾಶಾಸ್ತ್ರಕ್ಕೆ ತಿರುಗಿತು. 1893ರಲ್ಲಿ ವುರ್ಟ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾಗಿ ಕೊನೆತನಕ ಅಲ್ಲೇ ಉಳಿದರು.

ಕುದುರೆಯ ಕರುಳಿನ ಜಂತುಹುಳ ಅವರ ಮೊದಲ ಗುರು ಎನ್ನಬಹುದು. ಅದರ ವರ್ಣತಂತುಗಳು ಬೆರಳೆಣಿಕೆಯಷ್ಟು, ಎಣಿಸುವುದು ಸುಲಭ. ಅದರ ಭ್ರೂಣ ಬೆಳೆಯುವಾಗ ಮೈಯಾಗುವ ಕೋಶಗಳು ವರ್ಣತಂತುವಿನ ಒಂದಂಶವನ್ನು ಕಳಚಿಹಾಕುತ್ತವೆ. ಮುಂದಿನ ಪೀಳಿಗೆಗೆ ಬೀಜವಾಗುವ ಸಾಲು ಮಾತ್ರ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ಇದನ್ನು ಕಂಡವರು ಬೊವೇರಿ. 1892ರಲ್ಲಿ ಆ ಸಾಲಿನ ಕೋಶಗಳಿಗೆ ಅವರು ಬಳಸಿದ ಜರ್ಮನ್ ಪದದ ಅರ್ಥವೇ ಕಾಂಡಕೋಶ. ಮನುಷ್ಯನ ಮೈಯಲ್ಲಿ ಹೀಗೆ ಕಳಚುವುದಿಲ್ಲ. ಆದ್ದರಿಂದಲೇ ಜಪಾನಿನ ಯಮನಾಕ 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನು ಮರಳಿ ಕಾಂಡಕೋಶವಾಗಿಸಲು ಸಾಧ್ಯವಾಯಿತು.

1901-02ರ ಚಳಿಗಾಲದಲ್ಲಿ ಬೊವೇರಿ ಇಟಲಿಯ ನೇಪಲ್ಸಿನ ಕಡಲತೀರದ ಪ್ರಯೋಗಾಲಯದಲ್ಲಿದ್ದರು. ಜೊತೆಗೆ ಪತ್ನಿ ಮಾರ್ಸೆಲ್ಲಾ. ಅಮೆರಿಕದವರಾದ ಆಕೆಯೂ ಜೀವಶಾಸ್ತ್ರಜ್ಞೆ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಪ್ರಾಣಿಯ ಒಂದೇ ಮೊಟ್ಟೆಗೆ ಎರಡು ವೀರ್ಯಾಣುಗಳು ಹೊಗುವಂತೆ ಅವರು ಮಾಡಿದರು. ಮೊಟ್ಟೆ ಎರಡಾಗಿ ಒಡೆಯುವ ಬದಲು ಒಮ್ಮೆಗೇ ನಾಲ್ಕಾಯಿತು. ವರ್ಣತಂತುಗಳು ಸಿಕ್ಕಸಿಕ್ಕಂತೆ ಹಂಚಿಹೋದವು. ನಾಲ್ಕು ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರೆ ಒಂದೊಂದೂ ಒಂದೊಂದು ರೀತಿ ಕೆಟ್ಟಿತು. ಬರೀ ಸಂಖ್ಯೆ ಸಾಲದು, ಪ್ರತಿಯೊಂದು ವರ್ಣತಂತುವಿಗೂ ಅದರದೇ ಕೆಲಸವಿದೆ, ಇಡೀ ತಂಡ ಇದ್ದರೇ ಅಂಗಾಂಗ ಸರಿಯಾಗಿ ಮೂಡೀತು ಎಂದು ಅವರು ನಿರ್ಣಯಿಸಿದರು. ಸೂಕ್ಷ್ಮದರ್ಶಕ, ಗಾಜಿನ ಬೋಗುಣಿ, ಸಮುದ್ರದ ನೀರು: ಇಷ್ಟರಲ್ಲೇ ಇದನ್ನು ಸಾಧಿಸಿದರೆಂಬುದು ನಮಗೆ ಇಂದಿಗೂ ಬೆರಗು.

ಅದೇ ದಾರಿಯಲ್ಲಿ ಮುಂದುವರಿದು, ಹಂಚಿಕೆ ತಪ್ಪಿದ ಒಂದೇ ಕೋಶ ಹದ್ದು ಮೀರಿ ಬೆಳೆದರೆ ಅದೇ ಅರ್ಬುದವಾಗಬಹುದೆಂದು 1914ರಲ್ಲಿ ಪುಸ್ತಕ ಬರೆದರು. ಅಷ್ಟರಲ್ಲಿ ಯುದ್ಧ ಹೊತ್ತಿತ್ತು, ಅವರ ಆರೋಗ್ಯವೂ ಕೆಟ್ಟಿತ್ತು. ಬರ್ಲಿನ್ನಿನ ಹೊಸ ಜೀವಶಾಸ್ತ್ರ ಸಂಸ್ಥೆಯ ನಿರ್ದೇಶಕ ಪದವಿ ತಾನಾಗಿ ಬಂದಾಗಲೂ ದೇಹಸ್ಥಿತಿಯ ಕಾರಣ ಅದನ್ನು ಬಿಟ್ಟುಕೊಟ್ಟಿದ್ದರು. 1915ರ ಅಕ್ಟೋಬರ್ 15ರಂದು, ಐವತ್ತಮೂರು ತುಂಬಿದ ಮೂರೇ ದಿನಕ್ಕೆ ತೀರಿಕೊಂಡರು. ಮಾರ್ಸೆಲ್ಲಾ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದು 1929ರಲ್ಲಿ ಪ್ರಕಟಿಸಿದರು. ಒಂದು ಬಗೆಯ ರಕ್ತಾರ್ಬುದದಲ್ಲಿ ಗುರುತಿನ ವರ್ಣತಂತುವೊಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಣ್ಣಿಗೆ ಬಿದ್ದದ್ದು 1960ರಲ್ಲಿ.

ಕಾಂಡಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬಹುದಿನ ಬೆಳೆಸಿದರೆ ಕೆಲವು ಕೋಶಗಳಿಗೆ 12 ಅಥವಾ 17ನೆಯ ವರ್ಣತಂತು ಒಂದು ಹೆಚ್ಚು ಬರುವುದುಂಟು. ಅಂಥವು ಬೇಗ ಹೆಚ್ಚಿ, ಸರಿಯಾದವನ್ನು ಮೂಲೆಗೊತ್ತುತ್ತವೆ. ಹಾಗಾಗಿ ರೋಗಿಯ ಕಣ್ಣಿಗೋ ಹೃದಯಕ್ಕೋ ಅವನ್ನು ಸೇರಿಸುವ ಮೊದಲು ವರ್ಣತಂತುಗಳನ್ನು ಒಂದೊಂದಾಗಿ ಎಣಿಸಿ ನೋಡುತ್ತಾರೆ.