ತಿದ್ದಿ ತೀರದ ಚಿತ್ರಗಾರ

ಚಿತ್ರವೊಂದನ್ನು ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಅದರ ಮೇಲ್ಮೈ ಮಾತ್ರ. ಆ ಮೇಲ್ಮೈಯ ಕೆಳಗೆ ಎಷ್ಟು ಗೆರೆಗಳು ಅಡಗಿವೆ, ಎಷ್ಟು ಬಣ್ಣಗಳು ಮುಚ್ಚಿಹೋಗಿವೆ, ಚಿತ್ರಕಾರನು ತಾನು ಬರೆದುದನ್ನು ತಾನೇ ಎಷ್ಟು ಸಲ ಅಳಿಸಿ ಮತ್ತೆ ಬರೆದಿದ್ದಾನೆ ಎಂಬುದು ನಮಗೆ ಸುಲಭವಾಗಿ ತಿಳಿಯುವುದಿಲ್ಲ. ಕಲಾವಿದನ ಕೈಯಿಂದ ಚಿತ್ರವು ಒಮ್ಮೆಗೇ ಚಿಮ್ಮಿ ಬರುತ್ತದೆಂದು ನಂಬುವವರೇ ಹೆಚ್ಚು. ಈ ನಂಬಿಕೆ ಎಷ್ಟು ಪೊಳ್ಳಾದುದೆಂಬುದನ್ನು ತನ್ನ ದೀರ್ಘವಾದ ದುಡಿಮೆಯಿಂದ ತೋರಿಸಿಕೊಟ್ಟವನು ಫ್ರಾನ್ಸ್ ದೇಶದ ಚಿತ್ರಕಾರ ಎಡ್ಗಾರ್ ಡೆಗಾ. ಒಂದು ಪದರದ ಮೇಲೆ ಇನ್ನೊಂದು ಪದರವನ್ನಿರಿಸಿ, ಒಂದು ಮಾಧ್ಯಮದೊಡನೆ ಮತ್ತೊಂದನ್ನು ಬೆರೆಸಿ, ಚಿತ್ರವನ್ನು ಗೋಡೆ ಕಟ್ಟುವಂತೆ ಕಟ್ಟಿ ಎಬ್ಬಿಸಿದವನು ಅವನು.

ಡೆಗಾ ೧೮೩೪ನೆಯ ಇಸವಿ ಜುಲೈ ೧೯ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಅವನ ತಂದೆ ಬ್ಯಾಂಕಿನ ವ್ಯವಹಾರ ನಡೆಸುತ್ತಿದ್ದ ಅನುಕೂಲಸ್ಥ. ತಾಯಿಯ ತವರು ದೂರದ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ. ಡೆಗಾನಿಗೆ ಹದಿಮೂರು ವರ್ಷವಾಗಿದ್ದಾಗ, ೧೮೪೭ರಲ್ಲಿ, ತಾಯಿ ತೀರಿಕೊಂಡಳು. ಲೂಯಿ ಲೆ ಗ್ರಾಂ ಎಂಬ ಪ್ರಸಿದ್ಧ ಶಾಲೆಯಲ್ಲಿ ಅವನ ವಿದ್ಯಾಭ್ಯಾಸ ನಡೆಯಿತು. ಹೆನ್ರಿ ರುವಾರ್, ಲುದೋವಿಕ್ ಅಲೆವಿ ಎಂಬ ಬಾಲ್ಯಸ್ನೇಹಿತರು ಅವನಿಗೆ ದೊರೆತದ್ದು ಅಲ್ಲಿಯೇ. ಮನೆಯವರ ಅಪೇಕ್ಷೆಯಂತೆ ೧೮೫೩ರಲ್ಲಿ ಅವನು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದನು. ಆದರೆ ಅದೇ ವರ್ಷ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಹಾಕೃತಿಗಳನ್ನು ನೋಡಿ ನಕಲು ಮಾಡಲು ಅನುಮತಿಯನ್ನೂ ಪಡೆದುಕೊಂಡನು. ಅವನ ಮನಸ್ಸು ಎತ್ತ ಒಲಿದಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ನ್ಯಾಯಶಾಸ್ತ್ರವು ಬಹುಬೇಗ ಹಿಂದೆ ಸರಿಯಿತು. ಚಿತ್ರಕಲೆಯೇ ಅವನ ಜೀವನವಾಯಿತು.

೧೮೫೫ರಲ್ಲಿ ಅವನಿಗೆ ಆಂಗ್ರ್ ಎಂಬ ವೃದ್ಧ ಚಿತ್ರಕಾರನ ದರ್ಶನವಾಯಿತು. ರೇಖೆಗಳನ್ನು ಬರೆಯುವುದನ್ನು ಎಂದಿಗೂ ಬಿಡಬಾರದು, ಕಂಡದ್ದನ್ನೂ ಬರೆಯಬೇಕು, ನೆನಪಿನಿಂದಲೂ ಬರೆಯಬೇಕು ಎಂದು ಆ ಹಿರಿಯನು ಉಪದೇಶಿಸಿದನು. ಈ ಮಾತನ್ನು ಡೆಗಾ ಜೀವನಪರ್ಯಂತ ಗುರುವಾಕ್ಯವೆಂದು ಪಾಲಿಸಿದನು. ಅದೇ ವರ್ಷ ಪ್ಯಾರಿಸ್ಸಿನ ಕಲಾಶಾಲೆಗೆ ಸೇರಿದ ಅವನು, ಮರುವರ್ಷ ಇಟಲಿಗೆ ತೆರಳಿ ಮೂರು ವರ್ಷಗಳ ಕಾಲ ಅಲ್ಲಿನ ಪ್ರಾಚೀನ ಗುರುಗಳ ಕೃತಿಗಳನ್ನು ಅಭ್ಯಾಸ ಮಾಡಿದನು. ರೇಖೆಯ ಮೇಲಿನ ಹಿಡಿತವು ಹೀಗೆ ಅವನಿಗೆ ಸಿದ್ಧಿಸಿತು. ಮುಂದೆ ಎಷ್ಟು ಬಣ್ಣದ ಪದರಗಳನ್ನು ಹೇರಿದರೂ ಅವನ ಚಿತ್ರಗಳು ಕದಡಿಹೋಗದೆ ನಿಂತುದಕ್ಕೆ ಈ ಭದ್ರವಾದ ತಳಹದಿಯೇ ಕಾರಣ.

ಇಟಲಿಯಿಂದ ಮರಳಿದ ಬಳಿಕ ಕೆಲವು ವರ್ಷ ಅವನು ಚರಿತ್ರೆಯ ಪ್ರಸಂಗಗಳನ್ನು ಚಿತ್ರಿಸಿದನು. ಬರಬರುತ್ತ ಅವನ ಗಮನ ತನ್ನ ಸುತ್ತಲಿನ ನಗರ ಜೀವನದತ್ತ ತಿರುಗಿತು. ಕುದುರೆಪಂದ್ಯದ ಮೈದಾನ, ಇಸ್ತ್ರಿ ಮಾಡುವ ಅಗಸಗಿತ್ತಿಯರು, ಸಂಗೀತ ನಡೆಯುವ ಕಾಫಿಗೃಹಗಳು, ಎಲ್ಲಕ್ಕಿಂತ ಮಿಗಿಲಾಗಿ ಬ್ಯಾಲೆ ನರ್ತಕಿಯರು ಅವನ ಚಿತ್ರಗಳಿಗೆ ವಸ್ತುವಾದರು. ರಂಗದ ಮೇಲಿನ ಬೆಡಗಿಗಿಂತ ಅದರ ಹಿಂದಿನ ಶ್ರಮವೇ ಅವನನ್ನು ಹೆಚ್ಚಾಗಿ ಸೆಳೆಯಿತು. ಮೈಮುರಿದು ಆಕಳಿಸುವ ಹುಡುಗಿ, ಪಾದರಕ್ಷೆಯ ದಾರ ಬಿಗಿಯುವ ಹುಡುಗಿ, ಕಂಬಿಯನ್ನು ಹಿಡಿದು ಒಂದೇ ಭಂಗಿಯನ್ನು ಮತ್ತೆ ಮತ್ತೆ ಅಭ್ಯಾಸ ಮಾಡುವ ಹುಡುಗಿ, ಇವರೇ ಅವನ ನಾಯಿಕೆಯರು. ಒಂದೇ ಭಂಗಿಯನ್ನು ನೂರು ಸಲ ತಿದ್ದಿಕೊಳ್ಳುವ ಆ ನರ್ತಕಿಯರಲ್ಲಿ ಅವನು ತನ್ನದೇ ಸ್ವಭಾವವನ್ನು ಕಂಡನೆಂದರೆ ತಪ್ಪಾಗಲಾರದು.

೧೮೭೪ರಲ್ಲಿ ಮೊನೆ, ಪಿಸಾರೊ, ರೆನ್ವಾ ಮೊದಲಾದ ತರುಣ ಕಲಾವಿದರು ಪ್ಯಾರಿಸ್ಸಿನಲ್ಲಿ ಸ್ವತಂತ್ರವಾದ ಪ್ರದರ್ಶನವೊಂದನ್ನು ಏರ್ಪಡಿಸಿದರು. ಇಂಪ್ರೆಷನಿಸ್ಟ್ ಪಂಥವೆಂದು ಹೆಸರಾದ ಈ ಗುಂಪು ೧೮೮೬ರ ವರೆಗೆ ನಡೆಸಿದ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಡೆಗಾ ಭಾಗವಹಿಸಿದನು. ಆದರೂ ಅವನ ದಾರಿ ಬೇರೆ. ಆ ಗೆಳೆಯರು ಬಯಲಿನಲ್ಲಿ ಕುಳಿತು ಸೂರ್ಯನ ಬೆಳಕು ಬದಲಾಗುವುದರೊಳಗೆ ಚಿತ್ರವನ್ನು ಮುಗಿಸಲು ಹವಣಿಸುತ್ತಿದ್ದರು. ಡೆಗಾ ಕೋಣೆಯೊಳಗೆ ಕುಳಿತು, ನೆನಪಿನಿಂದಲೂ ಹಿಂದೆ ಬರೆದಿಟ್ಟ ರೇಖಾಚಿತ್ರಗಳಿಂದಲೂ ಕೃತಿಯನ್ನು ನಿಧಾನವಾಗಿ ಬೆಳೆಸುತ್ತಿದ್ದನು.

ಈ ನಡುವೆ ಅವನಿಗೆ ಎರಡು ವಿಪತ್ತುಗಳು ಒದಗಿದವು. ಮೊದಲನೆಯದು ಕಣ್ಣಿನದು. ೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾದಾಗ ಅವನು ಪ್ಯಾರಿಸ್ಸಿನ ರಕ್ಷಣಾದಳವನ್ನು ಸೇರಿದನು. ಬಂದೂಕಿನ ಅಭ್ಯಾಸದ ಕಾಲದಲ್ಲಿ ಅವನ ದೃಷ್ಟಿಯಲ್ಲಿ ದೋಷವಿರುವುದು ಬೆಳಕಿಗೆ ಬಂದಿತು. ಆಗ ಅವನಿಗೆ ಮೂವತ್ತಾರು ವರ್ಷ. ಅಂದಿನಿಂದ ಕುರುಡನಾಗುವ ಭಯವು ಅವನನ್ನು ಬಿಡಲಿಲ್ಲ. ಪ್ರಖರವಾದ ಬಿಸಿಲನ್ನು ಅವನ ಕಣ್ಣು ಸಹಿಸದಾಯಿತು. ಎರಡನೆಯದು ಹಣದ ವಿಪತ್ತು. ೧೮೭೪ರಲ್ಲಿ ತಂದೆ ಗತಿಸಿದಾಗ ಮನೆತನದ ವ್ಯವಹಾರ ಸಾಲದಲ್ಲಿ ಮುಳುಗಿತ್ತು. ತಮ್ಮನೂ ದೊಡ್ಡ ಸಾಲ ಮಾಡಿದ್ದನು. ಕುಲದ ಹೆಸರಿಗೆ ಕಳಂಕ ತಟ್ಟಬಾರದೆಂದು ಡೆಗಾ ತನ್ನ ಮನೆಯನ್ನೂ, ತನಗೆ ಬಂದಿದ್ದ ಕಲಾಸಂಗ್ರಹವನ್ನೂ ಮಾರಿದನು. ಅದುವರೆಗೆ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಚಿತ್ರ ಬರೆದವನು ಇನ್ನು ಚಿತ್ರವನ್ನು ಮಾರಿಯೇ ಬದುಕಬೇಕಾಯಿತು.

ಬೇರೆಯವರಾಗಿದ್ದರೆ ಇಂಥ ಸ್ಥಿತಿಯಲ್ಲಿ ಅಭ್ಯಾಸವಾದ ಹಾದಿಯನ್ನೇ ಹಿಡಿದು ನಡೆಯುತ್ತಿದ್ದರು. ಡೆಗಾ ಮಾತ್ರ ಈ ಕಾಲದಲ್ಲಿಯೇ ಹೊಸ ಹೊಸ ಪ್ರಯೋಗಗಳಿಗೆ ಕೈಹಾಕಿದನು. ತೈಲವರ್ಣದಲ್ಲಿನ ಎಣ್ಣೆಯನ್ನು ಹೀರುಕಾಗದದಿಂದ ತೆಗೆದು, ಉಳಿದ ಬಣ್ಣಕ್ಕೆ ಟರ್ಪೆಂಟೈನ್ ಸೇರಿಸಿ ತೆಳುವಾಗಿ ಬಳಿದನು. ಹೀಗೆ ಬಳಿದ ಬಣ್ಣ ಬೇಗನೆ ಆರುತ್ತಿತ್ತು; ಅದರ ಮೇಲೆ ಮತ್ತೊಂದು ಪದರವನ್ನು ಕೂಡಲೇ ಹಚ್ಚಬಹುದಾಗಿತ್ತು. ಲೋಹದ ತಗಡಿಗೆ ಮಸಿ ಹಚ್ಚಿ, ಬಟ್ಟೆಯಿಂದಲೂ ಬೆರಳಿನಿಂದಲೂ ಒರೆಸಿ ಬೆಳಕಿನ ಆಕಾರಗಳನ್ನು ಮೂಡಿಸಿ, ಅದನ್ನು ಕಾಗದಕ್ಕೆ ಒತ್ತಿ ತೆಗೆಯುವುದು ಇನ್ನೊಂದು ವಿಧಾನ. ಇದಕ್ಕೆ ಮೊನೊಟೈಪ್ ಎಂದು ಹೆಸರು. ಮೊದಲನೆಯ ಪ್ರತಿ ಗಾಢವಾಗಿ ಬರುತ್ತದೆ, ಎರಡನೆಯದು ಮಸುಕಾಗಿರುತ್ತದೆ. ಇತರರು ಎಸೆಯಬಹುದಾಗಿದ್ದ ಆ ಮಸುಕಾದ ಪ್ರತಿಯನ್ನೇ ಅವನು ತಳಪದರವನ್ನಾಗಿ ಮಾಡಿಕೊಂಡು, ಮೇಲೆ ಪ್ಯಾಸ್ಟೆಲ್ ಬಣ್ಣ ಹಾಕಿದನು. ರಂಗದ ಮೇಲೆ ಏಕಾಕಿಯಾಗಿ ಕುಣಿಯುವ ನರ್ತಕಿಯ ಪ್ರಸಿದ್ಧ ಚಿತ್ರವಾದ ‘ತಾರೆ’ ಹೀಗೆ ಹುಟ್ಟಿದುದು.

೧೮೮೦ರ ಅನಂತರ ಪ್ಯಾಸ್ಟೆಲ್ಲೇ ಅವನ ಮುಖ್ಯ ಮಾಧ್ಯಮವಾಯಿತು. ಬಣ್ಣದ ಪುಡಿಗೆ ಸ್ವಲ್ಪವೇ ಅಂಟನ್ನು ಸೇರಿಸಿ ಕಡ್ಡಿಗಳಾಗಿ ಮಾಡಿದ ಬಳಪವೇ ಪ್ಯಾಸ್ಟೆಲ್. ಅದು ರೇಖೆಯನ್ನೂ ಎಳೆಯಬಲ್ಲದು, ಬಣ್ಣವನ್ನೂ ತುಂಬಬಲ್ಲದು. ಎಣ್ಣೆಯ ಬಣ್ಣದಂತೆ ಆರಲು ಕಾಯಬೇಕಾಗಿಲ್ಲ. ಆದರೆ ಅದಕ್ಕೊಂದು ಕೊರತೆಯುಂಟು. ಕಾಗದದ ಮೇಲೆ ಕುಳಿತ ಪುಡಿಗೆ ಹಿಡಿತ ಕಡಿಮೆ. ಹೆಚ್ಚು ತಿಕ್ಕಿದರೆ ಬಣ್ಣಗಳು ಕಲೆತು ಮಂಕಾಗುತ್ತವೆ. ಈ ತೊಡಕಿಗೆ ಡೆಗಾ ಪರಿಹಾರ ಕಂಡುಕೊಂಡನು. ಮೊದಲು ಇದ್ದಿಲಿನಿಂದ ಆಕೃತಿಯನ್ನು ಬರೆಯುವನು; ಅದರ ಮೇಲೆ ಬಣ್ಣದ ಒಂದು ಪದರವನ್ನು ಹಾಕುವನು; ಅನಂತರ ಇಟಲಿಯ ಚಿತ್ರಕಾರ ಮಿತ್ರನಾದ ಲುಯಿಜಿ ಕಿಯಾಲಿವನಿಂದ ತಿಳಿದುಕೊಂಡಿದ್ದ ಬಂಧಕ ದ್ರವವನ್ನು ಸಿಂಪಡಿಸಿ ಆ ಪದರವನ್ನು ಸ್ಥಿರಗೊಳಿಸುವನು. ಹೀಗೆ ಮಾಡುವುದರಿಂದ ಮೇಲ್ಮೈ ತುಸು ಒರಟಾಗಿ, ಮುಂದಿನ ಪದರವನ್ನು ಹಿಡಿದುಕೊಳ್ಳುವುದು. ಎರಡನೆಯ ಪದರದ ಗೀರುಗಳ ಸಂದಿನಲ್ಲಿ ಮೊದಲನೆಯ ಬಣ್ಣ ಇಣುಕುವುದು. ಮೂರನೆಯದರ ಸಂದಿನಲ್ಲಿ ಎರಡೂ ಕಾಣುವುವು. ನೀಲಿಯ ಕೆಳಗೆ ಕಿತ್ತಳೆ, ಹಸುರಿನ ಕೆಳಗೆ ಗುಲಾಬಿ ಹೊಳೆಯುವಾಗ ಚಿತ್ರಕ್ಕೆ ಒಳಗಿನಿಂದಲೇ ಬೆಳಕು ಬಂದಂತಾಗುವುದು. ಒಮ್ಮೊಮ್ಮೆ ಬಿಸಿನೀರಿನ ಆವಿಯನ್ನು ಹಾಯಿಸಿ, ಪುಡಿಯನ್ನು ಕಲಸಿದ ಬಣ್ಣದಂತೆ ಮೃದುಗೊಳಿಸಿ, ಕುಂಚದಿಂದ ತೀಡುವನು. ಅಂಟು ಬೆರೆಸಿದ ದಟ್ಟವಾದ ನೀರುಬಣ್ಣವನ್ನೂ ಅದೇ ಚಿತ್ರದಲ್ಲಿ ಬಳಸುವನು.

ಕಾಗದದ ವಿಷಯದಲ್ಲಿಯೂ ಅವನದು ಇದೇ ಸ್ವಾತಂತ್ರ್ಯ. ಒಂದು ಆಕೃತಿಯ ಮೇಲೆ ಪಾರದರ್ಶಕವಾದ ಕಾಗದವನ್ನಿಟ್ಟು ಅಚ್ಚು ತೆಗೆದು, ಆ ಅಚ್ಚನ್ನೇ ತಿದ್ದಿ, ಅದರಿಂದ ಮತ್ತೊಂದನ್ನು ತೆಗೆಯುವನು. ಕೆಲವೊಮ್ಮೆ ಅದನ್ನು ಎಡಬಲ ತಿರುಗಿಸಿ ಹೊಸ ಚಿತ್ರವನ್ನು ಆರಂಭಿಸುವನು. ಆಕೃತಿಗೆ ಸ್ಥಳ ಸಾಲದೆ ಬಂದಾಗ ಅಂಚಿಗೆ ಕಾಗದದ ಪಟ್ಟಿಯನ್ನು ಅಂಟಿಸಿ ಚಿತ್ರವನ್ನು ವಿಸ್ತರಿಸುವನು. ೧೮೯೯ರ ಸುಮಾರಿನಲ್ಲಿ ರಚಿತವಾದ ರಷ್ಯದ ನರ್ತಕಿಯರ ಚಿತ್ರ ಇಂಥದೇ ಪಾರದರ್ಶಕ ಕಾಗದದ ಮೇಲೆ ಇದ್ದಿಲು ಮತ್ತು ಪ್ಯಾಸ್ಟೆಲ್ಲಿನಿಂದ ಆದುದು. ಕಣ್ಣು ಮಬ್ಬಾದಂತೆಲ್ಲ ಅವನ ಗೆರೆ ದಪ್ಪವಾಯಿತು, ಬಣ್ಣ ಉಜ್ವಲವಾಯಿತು. ದೌರ್ಬಲ್ಯವು ಕಲೆಯನ್ನು ಕುಗ್ಗಿಸದೆ ಅದಕ್ಕೆ ಹೊಸ ರೂಪವನ್ನು ಕೊಟ್ಟಿತು.

ಮಾಧ್ಯಮಗಳ ಈ ಬೆರಕೆಯನ್ನು ಅವನು ಶಿಲ್ಪಕ್ಕೂ ತಂದನು. ೧೮೮೧ರ ಪ್ರದರ್ಶನದಲ್ಲಿ ಅವನು ಹದಿನಾಲ್ಕು ವರ್ಷದ ಪುಟ್ಟ ನರ್ತಕಿಯ ಮೇಣದ ಮೂರ್ತಿಯನ್ನು ಇರಿಸಿದನು. ಸುಮಾರು ೯೯ ಸೆಂಟಿಮೀಟರ್ ಎತ್ತರದ ಆ ಮೂರ್ತಿಗೆ ನಿಜವಾದ ಬಟ್ಟೆಯ ಲಂಗ, ರವಿಕೆ, ಪಾದರಕ್ಷೆ, ಕೂದಲು, ರಿಬ್ಬನ್ನುಗಳಿದ್ದವು. ಅಮೃತಶಿಲೆಯ ದೇವತೆಗಳನ್ನು ನೋಡಿ ಅಭ್ಯಾಸವಾಗಿದ್ದ ವಿಮರ್ಶಕರು ಬಡ ಹುಡುಗಿಯೊಬ್ಬಳ ಈ ಸಾಧಾರಣ ರೂಪವನ್ನು ಕಂಡು ಮೂಗು ಮುರಿದರು. ಡೆಗಾ ತನ್ನ ಜೀವಿತಕಾಲದಲ್ಲಿ ಮತ್ತಾವ ಶಿಲ್ಪವನ್ನೂ ಪ್ರದರ್ಶಿಸಲಿಲ್ಲ. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿರುವ ಆ ಮೂರ್ತಿಯನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ, ಒಳಗಿನ ಕಟ್ಟಿನಲ್ಲಿ ತಂತಿ, ಹಗ್ಗಗಳ ಜೊತೆಗೆ ಹಳೆಯ ಕುಂಚಗಳ ಹಿಡಿಗಳೂ ಕಂಡುಬಂದವು.

ತಿದ್ದುವ ಈ ಹಂಬಲವು ಗೆಳೆಯರಿಗೆ ಫಜೀತಿಯನ್ನೂ ತಂದಿತು. ೧೮೭೭ರಲ್ಲಿ ಅವನು ಕಂಬಿಯ ಬಳಿ ಅಭ್ಯಾಸ ಮಾಡುವ ಇಬ್ಬರು ನರ್ತಕಿಯರ ಚಿತ್ರವನ್ನು ಮಿಶ್ರಮಾಧ್ಯಮದಲ್ಲಿ ರಚಿಸಿದ್ದನು. ಅದು ರುವಾರನ ಮನೆಯನ್ನು ಸೇರಿತು. ನೆಲದ ಧೂಳಡಗಿಸಲು ನೀರು ಚಿಮುಕಿಸುವ ಡಬ್ಬಿಯೊಂದು ಆ ಚಿತ್ರದಲ್ಲಿದೆ. ಅದನ್ನು ತೆಗೆದುಹಾಕಬೇಕೆಂದು ಡೆಗಾನಿಗೆ ಆಮೇಲೆ ಅನ್ನಿಸಿತು. ಆದರೆ ಅವನ ಕೈಗೆ ಮರಳಿ ಸಿಕ್ಕಿದ ಚಿತ್ರ ಹಾಗೆಯೇ ಹಿಂದಿರುಗುವುದಿಲ್ಲವೆಂಬುದನ್ನು ಬಲ್ಲ ರುವಾರ್ ಅದನ್ನು ಕೊಡಲಿಲ್ಲ. ಗೋಡೆಗೆ ಸರಪಳಿ ಹಾಕಿ ಕಾಪಾಡಿಕೊಂಡನೆಂಬ ಕಥೆಯೂ ಹುಟ್ಟಿಕೊಂಡಿತು. ರುವಾರನ ಮರಣದ ಬಳಿಕ ೧೯೧೨ರಲ್ಲಿ ಆ ಚಿತ್ರ ೪ ಲಕ್ಷ ಫ್ರಾಂಕುಗಳಿಗೂ ಮಿಗಿಲಾದ ಬೆಲೆಗೆ ಹರಾಜಾಯಿತು. ಚಿತ್ರಕಾರನಿಗೆ ಕೊರತೆಯಾಗಿ ಕಂಡ ಆ ಡಬ್ಬಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಚಿತ್ರದೊಳಗೆ ಕುಳಿತಿದೆ.

ಮಹಾಕಲಾವಿದನೆಂದ ಮಾತ್ರಕ್ಕೆ ಅವನು ದೋಷರಹಿತನಲ್ಲ. ೧೮೯೪ರಲ್ಲಿ ಡ್ರೈಫಸ್ ಎಂಬ ಯೆಹೂದಿ ಸೈನ್ಯಾಧಿಕಾರಿಯನ್ನು ರಾಜದ್ರೋಹದ ಸುಳ್ಳು ಆಪಾದನೆಯ ಮೇಲೆ ಶಿಕ್ಷಿಸಲಾಯಿತು. ಅವನು ನಿರಪರಾಧಿಯೆಂದು ೧೯೦೬ರಲ್ಲಿ ತೀರ್ಮಾನವಾಗುವ ವರೆಗೆ ಫ್ರಾನ್ಸ್ ದೇಶವೇ ಎರಡು ಪಂಗಡಗಳಾಗಿ ಒಡೆಯಿತು. ಯೆಹೂದಿಗಳ ವಿಷಯದಲ್ಲಿ ಕುರುಡು ದ್ವೇಷ ತಳೆದಿದ್ದ ಡೆಗಾ ಡ್ರೈಫಸ್ಸನ ವಿರೋಧಿಗಳ ಕಡೆ ನಿಂತನು. ಯೆಹೂದಿ ಮೂಲದ ಬಾಲ್ಯಮಿತ್ರ ಅಲೆವಿಯ ಮನೆಗೆ ೧೮೯೭ರಲ್ಲಿ ಹೋಗುವುದನ್ನು ಬಿಟ್ಟನು. ಜೊತೆಯ ಚಿತ್ರಕಾರ ಪಿಸಾರೊನನ್ನೂ ದೂರ ಮಾಡಿದನು. ಒಂದು ಗೆರೆ ತಪ್ಪಿದರೆ ಸಹಿಸದೆ ಹತ್ತು ಸಲ ತಿದ್ದುತ್ತಿದ್ದವನು ತನ್ನ ಮನಸ್ಸಿನೊಳಗಿನ ಈ ವಕ್ರರೇಖೆಯನ್ನು ತಿದ್ದಿಕೊಳ್ಳದೆ ಹೋದದ್ದು ವಿಷಾದದ ಸಂಗತಿ. ಅದರ ಫಲವಾಗಿ ಅವನ ಮುಪ್ಪು ಇನ್ನಷ್ಟು ಏಕಾಂತವಾಯಿತು.

೧೯೧೨ರಲ್ಲಿ ಅವನು ಎರಡು ದಶಕಗಳಿಗೂ ಹೆಚ್ಚು ಕಾಲ ವಾಸವಾಗಿದ್ದ ಮನೆಯನ್ನು ಕೆಡವಲಾಯಿತು. ಬೇರೆ ಮನೆಗೆ ಹೋದ ಮೇಲೆ ಅವನು ಕುಂಚವನ್ನಾಗಲಿ ಬಳಪವನ್ನಾಗಲಿ ಹಿಡಿಯಲಿಲ್ಲ. ಕಣ್ಣು ಹೆಚ್ಚುಕಡಿಮೆ ಕಾಣದಾಗಿದ್ದ ಆ ವೃದ್ಧನು ಪ್ಯಾರಿಸ್ಸಿನ ಬೀದಿಗಳಲ್ಲಿ ಸುಮ್ಮನೆ ಅಲೆಯುತ್ತಿದ್ದನು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, ೧೯೧೭ನೆಯ ಇಸವಿ ಸೆಪ್ಟೆಂಬರ್ ೨೭ರಂದು, ತನ್ನ ಎಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಕಾರ್ಯಶಾಲೆಯ ಬಾಗಿಲು ತೆರೆದಾಗ ಮುಗಿದ, ಮುಗಿಯದ ಅಸಂಖ್ಯ ಚಿತ್ರಗಳೂ, ಮೇಣದಿಂದಲೂ ಮಣ್ಣಿನಿಂದಲೂ ಮಾಡಿದ ಸುಮಾರು ೧೫೦ ಮೂರ್ತಿಗಳೂ ದೊರೆತವು. ಎಷ್ಟೋ ಮೂರ್ತಿಗಳು ಒಡೆದುಹೋಗಿದ್ದವು. ಎಪ್ಪತ್ತಕ್ಕೂ ಮಿಗಿಲಾದವನ್ನು ಆಮೇಲೆ ಕಂಚಿನಲ್ಲಿ ಎರಕ ಹೊಯ್ಯಲಾಯಿತು.

ಅವನ ಚಿತ್ರಗಳ ಪದರಗಳು ಇಂದಿಗೂ ಹೊಸ ಸಂಗತಿಗಳನ್ನು ಹೊರಗೆಡಹುತ್ತಿವೆ. ಆಸ್ಟ್ರೇಲಿಯದ ಮೆಲ್ಬರ್ನ್ ಕಲಾಶಾಲೆಯಲ್ಲಿರುವ ಅವನ ಒಂದು ಸ್ತ್ರೀಚಿತ್ರದಲ್ಲಿ ಮುಖದ ಮೇಲೆ ಕಪ್ಪು ಕಲೆಯೊಂದು ಮೂಡಿತ್ತು. ೨೦೧೬ರಲ್ಲಿ ವಿಜ್ಞಾನಿಗಳು ಚಿತ್ರಕ್ಕೆ ಕೊಂಚವೂ ಹಾನಿಯಾಗದಂತೆ ಪ್ರಬಲವಾದ ಕ್ಷ-ಕಿರಣಗಳಿಂದ ಅದನ್ನು ಶೋಧಿಸಿದಾಗ, ಅಡಿಯಲ್ಲಿ ತಲೆಕೆಳಗಾಗಿ ಮತ್ತೊಬ್ಬ ಯುವತಿಯ ಮುಖ ಇರುವುದು ಸ್ಪಷ್ಟವಾಯಿತು. ಡೆಗಾ ಹಳೆಯ ಚಿತ್ರವನ್ನು ತಿರುಗಿಸಿ ಅದರ ಮೇಲೆಯೇ ಹೊಸದನ್ನು ಬರೆದಿದ್ದನು. ಕಾಲ ಕಳೆದಂತೆ ಮೇಲಿನ ಬಣ್ಣ ತೆಳುವಾಗಿ ಕೆಳಗಿನದು ಇಣುಕಿತ್ತು.

ಮೇಲೆ ಎಷ್ಟು ಬಣ್ಣ ಬಳಿದರೂ ಕೆಳಗಿನ ಪದರವು ಇಲ್ಲವಾಗುವುದಿಲ್ಲ. ಅದು ಮೇಲಿನದನ್ನು ಹೊತ್ತು ನಿಂತಿರುತ್ತದೆ. ಸಮಯ ಬಂದಾಗ ತಾನೂ ಕಾಣಿಸಿಕೊಳ್ಳುತ್ತದೆ. ಡೆಗಾನ ಚಿತ್ರಗಳಿಗೂ ಅವನ ಬಾಳಿಗೂ ಈ ಮಾತು ಸಮನಾಗಿ ಸಲ್ಲುತ್ತದೆ. ಒಮ್ಮೆ ಮಾಡಿದ್ದೇ ಪೂರ್ಣವೆಂದು ತೃಪ್ತನಾಗದೆ, ಕಣ್ಣಿನ ಬೆಳಕು ಇರುವವರೆಗೂ ತನ್ನ ಕೆಲಸವನ್ನು ತಾನೇ ತಿದ್ದುತ್ತ ಹೋದ ಅವನ ನಿಷ್ಠೆ ಕಲಿಯುವವರೆಲ್ಲರಿಗೂ ಮಾದರಿಯಾಗಿದೆ. ಕೈಯ ತಪ್ಪನ್ನು ತಿದ್ದಿಕೊಳ್ಳುವಷ್ಟೇ ಶ್ರದ್ಧೆಯಿಂದ ಮನಸ್ಸಿನ ತಪ್ಪನ್ನೂ ತಿದ್ದಿಕೊಳ್ಳಬೇಕೆಂಬ ಪಾಠವನ್ನು ಅವನ ಜೀವನದ ಕೊರತೆಯೇ ನಮಗೆ ಕಲಿಸುತ್ತದೆ.