ವೇಷ ನೋಡಿ ಅಳೆದರು ವೇಮನರನ್ನು

ಹಿಂದೂಪುರ, ಕಲ್ಯಾಣದುರ್ಗದ ಕಡೆ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಓದಿದವರಿಗೂ ಉಪ್ಪು-ಕರ್ಪೂರದ ಪದ್ಯ ಬಾಯಿಪಾಠ. ನೋಡಲು ಒಂದೇ ಥರ ಇದ್ದರೂ ರುಚಿ ಬೇರೆ ಎಂದು ಅದರಲ್ಲಿ ತಿಳಿಸಿದವರು ಯೋಗಿ ವೇಮನರು. ವಿಚಿತ್ರವೆಂದರೆ, ಜನ ಬಹಳ ಕಾಲ ಅವರನ್ನೇ ಹೊರಗಿನ ರೂಪ ನೋಡಿ ಅಳೆದರು.

ವೇಮನರು ರೆಡ್ಡಿ ಮನೆತನದವರು. 17ನೇ ಶತಮಾನದಲ್ಲಿ ಬಾಳಿದವರೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹರೆಯದಲ್ಲಿ ಅವರೂ ಹೊರಗಿನ ಚೆಂದಕ್ಕೆ ಮರುಳಾದವರೇ ಎಂದು ಜನಪದ ಕಥೆ ಹೇಳುತ್ತದೆ. ಅವರು ಮೆಚ್ಚಿದ್ದ ವೇಶ್ಯೆ ಅತ್ತಿಗೆಯ ಮೂಗುತಿಯನ್ನೇ ಕೇಳಿದಳಂತೆ. ಅತ್ತಿಗೆ ಇಲ್ಲವೆನ್ನದೆ ಬಿಚ್ಚಿಕೊಟ್ಟು, ಅವಳನ್ನು ಒಡವೆ ಬಟ್ಟೆ ಇಲ್ಲದೆ ಒಮ್ಮೆ ಕಣ್ಣುಬಿಟ್ಟು ನೋಡಬೇಕೆಂದು ಷರತ್ತು ಹಾಕಿದಳಂತೆ. ಅಂದೇ ಮೋಹ ಬಿಟ್ಟುಹೋಯಿತು. ಕನ್ನಡ ನಾಡಿನವರಿಗೆ ಆ ಅತ್ತಿಗೆಯೇ ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆ ಹೇಮರೆಡ್ಡಿ ಮಲ್ಲಮ್ಮ.

ಆಮೇಲೆ ವೇಮನರು ಮೈಮೇಲೆ ಬಟ್ಟೆಯೇ ಇಲ್ಲದೆ ಊರೂರು ತಿರುಗಿದರು. ಕಂಡವರು ಹುಚ್ಚನೆಂದು ನಕ್ಕರಂತೆ. ಅವರೋ ಬೂದಿ ಬಳಿದವರನ್ನು, ತಲೆ ಬೋಳಿಸಿದವರನ್ನು, ಜಾತಿಯ ಹೆಮ್ಮೆಯವರನ್ನು ಆಟವೆಲದಿ ಛಂದಸ್ಸಿನ ಪುಟ್ಟ ಪದ್ಯಗಳಲ್ಲಿ ಮುಲಾಜಿಲ್ಲದೆ ಝಾಡಿಸಿದರು. ರೈತರಿಗೆ, ಕೂಲಿಯವರಿಗೆ ಅರ್ಥವಾಗುವ ಆಡುಮಾತು ಅದು. ಪಂಡಿತರಿಗೆ ಅದೂ ಬತ್ತಲೆಯಾಗಿಯೇ ಕಂಡಿತು. ಅಲಂಕಾರವಿಲ್ಲದ ಮಾತು ಕಾವ್ಯ ಹೇಗಾದೀತು ಎಂದು ದೂರ ಇಟ್ಟರು. ಪದ್ಯಗಳು ಜನರ ನಾಲಿಗೆಯ ಮೇಲೆ ಉಳಿದವು, ಹೇಳಿದವರ ಬಾಳಿನ ವಿವರ ಉಳಿಯಲಿಲ್ಲ. ಯಾರ್ಯಾರೋ ಕಟ್ಟಿದ ಪದ್ಯಗಳೂ ಅವರ ಹೆಸರಿಗೆ ಸೇರಿಕೊಂಡವು.

ಕಂಪನಿ ಸರ್ಕಾರದ ಅಧಿಕಾರಿ ಸಿ.ಪಿ. ಬ್ರೌನ್ 1824ರಲ್ಲಿ ತಾಳೆಗರಿ ಪ್ರತಿಗಳನ್ನು ಹುಡುಕಿಸಲು ಹೊರಟರು. 1829ರಲ್ಲಿ 693 ಪದ್ಯಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಸ್ವಂತ ನಾಡಿನವರು ಕಡೆಗಣಿಸಿದ್ದನ್ನು ಹೊರಗಿನವರೊಬ್ಬರು ಎತ್ತಿಕೊಂಡರು.

ಪಂಡಿತರ ಕಡೆಯಿಂದ ದೊಡ್ಡ ಗೌರವ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. ಅದನ್ನು ಕೊಟ್ಟವರು ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿ, ಮೈಸೂರು ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸುತ್ತಿದ್ದ ಅನಂತಕೃಷ್ಣ ಶರ್ಮರು. 1928ರಲ್ಲಿ ಅನಂತಪುರದಲ್ಲಿ ವೇಮನರ ಬಗ್ಗೆ ಸಾಲು ಉಪನ್ಯಾಸ ಕೊಟ್ಟರು. ಸಂಸ್ಕೃತ, ಪ್ರಾಕೃತ, ಸಂಗೀತ ಎಲ್ಲ ಬಲ್ಲ ಸಂಪ್ರದಾಯಸ್ಥರೇ ಎದ್ದು ನಿಂತು ಇವರು ಕವಿ ಎಂದ ಮೇಲೆ ತಳ್ಳಿಹಾಕುವುದು ಸುಲಭವಿರಲಿಲ್ಲ.

ವೇಮನರ ಸಮಾಧಿ ಕದಿರಿ ಹತ್ತಿರದ ಕಟಾರುಪಲ್ಲಿಯಲ್ಲಿದೆ. 2022ರಲ್ಲಿ ಹೊಸ ಜಿಲ್ಲೆಯಾದಾಗ ಹಿಂದೂಪುರದ ಜೊತೆ ಆ ಊರೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕರ್ನಾಟಕ ಸರ್ಕಾರ ಜನವರಿ 19ರಂದು ಜಯಂತಿ ಆಚರಿಸುತ್ತದೆ. ಅವರು ಹುಟ್ಟಿದ ವರ್ಷವನ್ನು ಮಾತ್ರ ಅಂದು ಯಾರೂ ಬರೆದಿಡಲಿಲ್ಲ.